ನಾನು ಮೊದಲೇ ಹೇಳಿದ್ದೆ

ಸಂಗೀತದ ವಿಷಯದಲ್ಲಿ ನಾನು ಸದಾ ಪಂಕ್ತಿ ಎದ್ದ ಮೇಲೆ ಊಟಕ್ಕೆ ಬರುವವನು. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಹುಡುಗರು ಸೇರಿ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ ಎಂಬ ಬ್ಯಾಂಡ್ ಕಟ್ಟಿದಾಗ ನಾನು ಅದೇ ಊರಿನಲ್ಲಿ, ಜಯನಗರದ ಮಹಡಿ ಮೇಲಿನ ಒಂದು ಟ್ಯುಟೋರಿಯಲ್‌ನಲ್ಲಿ ಕೂತು, ಬ್ಯಾಂಕ್ ಪರೀಕ್ಷೆಗೆಂದು ಚಕ್ರಬಡ್ಡಿ ಉರು ಹೊಡೆಯುತ್ತಿದ್ದೆ. 2002ರಲ್ಲಿ ‘ಸ್ವರಾತ್ಮ’ ಬ್ಯಾಂಡ್ ಹುಟ್ಟಿತು. ನಾನು ಮದುವೆಗೆ ಛತ್ರ ಹುಡುಕುತ್ತಿದ್ದೆ. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು. ಅವರು ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಿ ಹಾಡಿ ಬಂದ ಮೇಲಷ್ಟೇ ನಾನು “ಯಾರೋ ನಮ್ಮ ಮೈಸೂರಿನವರಂತೆ” ಎಂದು ಕಿವಿ ನಿಮಿರಿಸಿದ್ದು. ‘ಕ್ರಿಪ್ಟೋಸ್’ ಎಂಬ ಹೆವಿ ಮೆಟಲ್ ತಂಡ 1998ರಿಂದ ಇದೇ ಬೆಂಗಳೂರಿನಲ್ಲಿ ಗೋಡೆ ನಡುಗಿಸುತ್ತಿತ್ತು. ಆ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಸಾಲಕ್ಕೆ ಬಂದ ಹುಡುಗನೊಬ್ಬನ ಟೀ ಶರ್ಟಿನ ಬೆನ್ನು ಓದಿ. ಅವನ ಸಾಲ ಮಂಜೂರಾಯಿತು. ನನ್ನ ಹೊಟ್ಟೆಯುರಿ ಹಾಗೇ ಉಳಿಯಿತು.

ತಡವಾಗಿ ಬರುವುದು ಅಂಥ ದೊಡ್ಡ ಕಷ್ಟವೇನಲ್ಲ. ಮೊದಲೇ ಬಂದವರೊಬ್ಬರು ಸಂಬಂಧದಲ್ಲೇ ಇರುವುದು ಕಷ್ಟ. ನನ್ನ ಷಡ್ಡಕರು ಅಂಥವರು. 2007ರಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ಭಾವ ಅಲ್ಲಿದ್ದರು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅದೇ ಮೈದಾನಕ್ಕೆ ಬಂದಾಗಲೂ ಭಾವ ಅಲ್ಲಿದ್ದರು. ನಾನು ಯಾವ ತಂಡದ ಹೆಸರೆತ್ತಿದರೂ ಅವರು ಎಲೆಯಡಿಕೆಗೆ ಸುಣ್ಣ ಹಚ್ಚುತ್ತ, “ಅವರಾ? ಕಾಲೇಜ್ ಫೆಸ್ಟಲ್ಲಿ ನುಡಿಸ್ತಿದ್ದಾಗ್ಲೇ ನೋಡಿದ್ನಲ್ಲಯ್ಯ. ಆಗ ಚೆನ್ನಾಗಿದ್ರು” ಎನ್ನುತ್ತಾರೆ. ಆ ‘ಆಗ’ ಇದೆಯಲ್ಲ, ಅದರಲ್ಲಿ ನನಗೆಂದೂ ಪ್ರವೇಶವಿಲ್ಲ.

ಈ ತಡವಾಗಿ ಬರುವ ಗುಣ ನಮ್ಮ ವಂಶದಲ್ಲಿ ಬಂದದ್ದಂತೂ ಅಲ್ಲ. ನಮ್ಮಪ್ಪ 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಕೂಡಲೇ ಕೊಂಡವರು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. ಸಿನಿಮಾದ ಹಂಗಿಲ್ಲದೆಯೂ ಕನ್ನಡದ ಹಾಡು ಮನೆಮನೆ ಸೇರಬಹುದೆಂದು ತೋರಿಸಿಕೊಟ್ಟ ಕ್ಯಾಸೆಟ್ ಅದು. ಅಪ್ಪ ಸಾಯುವವರೆಗೂ ಅದರ ಡಬ್ಬಿ ತೋರಿಸಿ, “ಬೀದೀಲಿ ನಾನೇ ಮೊದಲು” ಎನ್ನುತ್ತಿದ್ದರು. ಇಂಥ ತಂದೆಗೆ ಹುಟ್ಟಿ, ಬ್ಯಾಂಡುಗಳ ರಾಜಧಾನಿಯಲ್ಲೇ ಬೆಳೆದು, ಒಂದನ್ನಾದರೂ ಮೊದಲು ಕಂಡುಹಿಡಿಯದೆ ನಿವೃತ್ತನಾಗುವುದು ನನ್ನಿಂದಾಗುತ್ತಿರಲಿಲ್ಲ.

ದೇವರು ಕಣ್ಣು ಬಿಟ್ಟದ್ದು 2024ರ ಬೇಸಿಗೆಯಲ್ಲಿ. ಬೋರ್‌ವೆಲ್‌ಗಳು ಒಣಗಿ, ಬೆಂಗಳೂರಿನ ಗೃಹಸ್ಥರು ಟ್ಯಾಂಕರ್ ಡ್ರೈವರುಗಳಿಗೆ ‘ಸಾರ್, ಸಾರ್’ ಎನ್ನುತ್ತಿದ್ದ ಕಾಲ. ಸಹೋದ್ಯೋಗಿಯೊಬ್ಬರ ವರ್ಗಾವಣೆಯ ಪಾರ್ಟಿಗೆಂದು ಜೆ.ಪಿ. ನಗರದ ಒಂದು ಪಬ್ಬಿಗೆ ಹೋಗಿದ್ದೆವು. ಮೂಲೆಯಲ್ಲಿ ನಾಲ್ವರು ನುಡಿಸುತ್ತಿದ್ದರು. ಒಬ್ಬ ಗಿಟಾರ್ ಹಿಡಿದು ಹಾಡುವವನು, ಇನ್ನೊಬ್ಬ ಬರಿಯ ಗಿಟಾರಿನವನು, ಒಬ್ಬ ಬಾಸ್, ಡ್ರಮ್ಸ್‌ಗೆ ಒಬ್ಬ ಹುಡುಗಿ. ಅವರನ್ನು ಕೇಳುತ್ತಿದ್ದವರು ಅವರ ಮನೆಯವರೇ ಎಂಬುದು ಮುಖಚಹರೆಯಿಂದಲೇ ಗೊತ್ತಾಗುತ್ತಿತ್ತು. ಹಾಡು ಕನ್ನಡದ್ದು, ನೀರಿನ ಟ್ಯಾಂಕರ್ ಬಗ್ಗೆ. ಮಾತು ನಾಲ್ಕೇ ಸಾಲು, ಮಿಕ್ಕದ್ದೆಲ್ಲ ಗಿಟಾರಿನ ಮೊರೆತ. ಆ ಮೊರೆತದ ಒಳಗಿನಿಂದ ಹುಡುಗನ ದನಿ ಸಂಪಿನ ತಳದಿಂದ ಬಂದಷ್ಟು ದೂರದಿಂದ ಬರುತ್ತಿತ್ತು. ನನ್ನ ಮೈಮೇಲೆ ಮುಳ್ಳೆದ್ದವು. ಗೋಬಿ ಮಂಚೂರಿ ತಣ್ಣಗಾಯಿತು. ಸಹೋದ್ಯೋಗಿಯ ಗುಣಗಾನ ಮಾಡಬೇಕಾದವನು ನಾನು. ಮೈಕು ಕೈಗೆ ಬಂದಾಗ ಡ್ರಮ್ಸ್ ಹುಡುಗಿಯ ಗುಣಗಾನ ಮಾಡಿ ಕೂತೆ.

ಬ್ಯಾಂಡಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಹುಡುಕಿ ಕೇಳುತ್ತೀರಿ. ಆಮೇಲೆ ನಾಲ್ಕು ಜನರ ಮುಂದೆ, ನನಗಿಂತ ಮೊದಲೇ ಕೇಳಿದ್ದಾಗಿ ಹೇಳುತ್ತೀರಿ. ಇನ್ನೊಂದು ಕಾರಣವೂ ಇದೆ. ಅದು ಮುಂದೆ ತಾನಾಗಿ ತಿಳಿಯುತ್ತದೆ.

ಮನೆಗೆ ಬಂದವನೇ ಮಗಳಿಗೆ ಕೇಳಿಸಿದೆ. ಅವಳು ಒಂದು ನಿಮಿಷ ಕೇಳಿ, “ಅಪ್ಪ, ಇದು ಶೂಗೇಝ್” ಎಂದು ರೋಗಪತ್ತೆ ಮಾಡಿದಳು. ಎಂಬತ್ತರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಹುಡುಗರು ಶುರುಮಾಡಿದ ಶೈಲಿಯಂತೆ. ಗಿಟಾರಿನ ಸದ್ದನ್ನು ತಿರುಚುವ, ಹಿಗ್ಗಿಸುವ, ಮಬ್ಬು ಕವಿಸುವ ಪೆಡಲ್‌ಗಳೆಲ್ಲ ನುಡಿಸುವವರ ಕಾಲಬುಡದಲ್ಲಿರುತ್ತವೆ. ಅವನ್ನು ತುಳಿಯಲು ಕಾರ್ಯಕ್ರಮದುದ್ದಕ್ಕೂ ತಲೆ ತಗ್ಗಿಸಿಯೇ ಇರಬೇಕು. ‘ಮೈ ಬ್ಲಡಿ ವ್ಯಾಲೆಂಟೈನ್’ ತಂಡದ 1991ರ ‘ಲವ್‌ಲೆಸ್’ ಆಲ್ಬಂ ಈ ಪಂಥದ ಮೂಲಗ್ರಂಥವಂತೆ. ಇಷ್ಟೆಲ್ಲವನ್ನೂ ಅಂದೇ ರಾತ್ರಿ ಕಲಿತು, ಮರುದಿನ ಬೆಳಗ್ಗೆ ಅಮ್ಮನಿಗೆ ಕಲಿಸಲು ಕೂತೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತ ಶ್ರದ್ಧೆಯಿಂದ ಕೇಳಿದರು.

“ನುಡಿಸೋವಾಗ ಪೂರ್ತಿ ಕಾಲ್ಕಡೇನೇ ನೋಡ್ತಾರೇನೋ?”

“ಹೂನಮ್ಮ. ಅದೇ ಅದರ ವಿಶೇಷ.”

“ಚಪ್ಪಲಿ ಯಾರಾದ್ರೂ ಹಾಕ್ಕೊಂಡು ಹೋಗ್ತಾರೆ ಅಂತಾನಾ?”

ಪ್ರಚಾರಕಾರ್ಯ ಮನೆಯಿಂದ ಶುರುವಾಗಬಾರದೆಂದು ನನಗೆ ಆಗಲೇ ಅರ್ಥವಾಗಬೇಕಿತ್ತು. ಆದರೆ ಹೊಸ ಬ್ಯಾಂಡ್ ಸಿಕ್ಕವನ ತಲೆಯಲ್ಲಿ ಅರ್ಥವಾಗುವ ಭಾಗ ಕೆಲಸ ನಿಲ್ಲಿಸಿರುತ್ತದೆ. ಕ್ಷೌರದಂಗಡಿಯಲ್ಲಿ ಕೇಳಿಸಿದೆ, ಆತ ಕತ್ತರಿ ಕೆಳಗಿಟ್ಟು ಸ್ಪೀಕರಿನ ವೈರ್ ಅಲ್ಲಾಡಿಸಿ ನೋಡಿದ. ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಕೇಳಿಸಿದೆ. ನನ್ನ ಮೇಜಿನಲ್ಲಿ ಊಟ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಪಥ್ಯ ಹಿಡಿದರು. ಭಾವನಿಗೆ ಕಳಿಸಿದೆ. ಅವರ ಉತ್ತರ ಅರ್ಧ ಗಂಟೆಯಲ್ಲಿ ಬಂತು: “ಪೂರ್ತಿ ಡೌನ್‌ಲೋಡ್ ಆಗಿಲ್ಲ ಅನ್ಸತ್ತಯ್ಯ. ಬರೀ ಗೊರಗೊರ ಬರ್ತಿದೆ.” ನನಗೆ ಎಲ್ಲಿಲ್ಲದ ಸಂತೋಷವಾಯಿತು. ಭಾವ ಕೇಳಿಲ್ಲ! ಭಾವನಿಗೆ ತಿಳಿದೇ ಇಲ್ಲ! ‘ಆಗ’ ಎಂಬುದು ಶುರುವಾಗಿದೆ, ಅದರೊಳಗೆ ನಾನೊಬ್ಬನೇ ನಿಂತಿದ್ದೇನೆ.

ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಸ್ವಲ್ಪ ಎಡವಟ್ಟಾಯಿತು. ಹಾಡಿನ ಮುಖಚಿತ್ರವನ್ನು ಅಲ್ಲಿಗೆ ಹಾಕಿದ್ದೆ. ಕಪ್ಪು ಬಿಳುಪಿನ ಫೋಟೊ. ಹಾಡುವ ಹುಡುಗ ಕಣ್ಣು ಮುಚ್ಚಿದ್ದಾನೆ. ಕೆಳಗೆ ಹಾಡು ಬಿಡುಗಡೆಯಾದ ತಾರೀಖು. ಶಿವಮೊಗ್ಗದ ದೊಡ್ಡಪ್ಪ ಮೊದಲು “ಓಂ ಶಾಂತಿ” ಎಂದರು. ದೊಡ್ಡಪ್ಪ ಅಂದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. “ಚಿಕ್ಕ ವಯಸ್ಸು” ಎಂದು ಒಬ್ಬರು, “ಈಗಿನ ಹುಡುಗರು ನಿದ್ದೆ ಮಾಡಲ್ಲ” ಎಂದು ಒಬ್ಬರು. ನಾನು ತಿದ್ದುಪಡಿ ಹಾಕುವಷ್ಟರಲ್ಲಿ ಹಾಸನದ ಅತ್ತೆ ಫೋನ್ ಮಾಡಿ, “ವೈಕುಂಠ ಎಲ್ಲಿಟ್ಕೊಂಡಿದೀರಪ್ಪ? ಬಸ್ಸು ನೋಡ್ಕೊಂಡು ಬರ್ತೀನಿ” ಎಂದರು. ಹುಡುಗ ಬದುಕಿದ್ದಾನೆ, ಇದು ಹಾಡು, ದಯವಿಟ್ಟು ಕೇಳಿ ಎಂದು ಬಿಡಿಸಿ ಹೇಳಿದೆ. ಅತ್ತೆ ಕೇಳಿದರು. ಮತ್ತೆ ಫೋನ್ ಮಾಡಲಿಲ್ಲ.

ಇಷ್ಟರ ಮೇಲೆ ಬ್ಯಾಂಡಿನವರ ಕಾರ್ಯಕ್ರಮಗಳಿಗೆಲ್ಲ ಹೋಗತೊಡಗಿದೆ. ರವೀಂದ್ರ ಕಲಾಕ್ಷೇತ್ರದ ಅಭ್ಯಾಸದವನು ನಾನು. ಏಳೂವರೆ ಎಂದರೆ ಏಳಕ್ಕೇ ಹೋಗಿ ಕೂತೆ. ಆ ಹೊತ್ತಿಗೆ ಅಲ್ಲಿ ನೆಲ ಒರೆಸುವವರಿದ್ದರು, ನಾನಿದ್ದೆ. ಒಂಬತ್ತಕ್ಕೆ ಬಾಗಿಲಲ್ಲಿ ಜನ ಸೇರಿದರು. ಬೌನ್ಸರ್ ನನ್ನ ತಲೆ ನೋಡಿ, ಮೃದುವಾಗಿ, “ಸಾರ್, ನಿಮ್ಮ ಮಗ ಆ ಕಡೆ ಕೂತಿರಬೇಕು, ಜಗಳ ಮಾಡಬೇಡಿ, ಕರ್ಕೊಂಡ್ ಹೋಗಿ” ಎಂದ. ಆಮೇಲೆ ಅವನಿಗೂ ರೂಢಿಯಾಯಿತು. ಟೀ ಶರ್ಟ್ ಕೊಂಡೆ. ಬ್ಯಾಂಡುಗಳ ಹೊಟ್ಟೆ ತುಂಬುವುದು ಹಾಡಿನಿಂದಲ್ಲ, ಟೀ ಶರ್ಟಿನಿಂದ ಎಂದು ಮಗಳು ಹೇಳಿದ್ದಳು. ಉಳಿದದ್ದು ಸ್ಮಾಲ್ ಸೈಜು ಮಾತ್ರ. ಅದನ್ನು ತೊಟ್ಟಾಗ ಬ್ಯಾಂಡಿನ ಹೆಸರಿನ ಮಧ್ಯದ ಎರಡಕ್ಷರ ನನ್ನ ಹೊಟ್ಟೆಯ ಮೇಲೆ ಉಳಿದವಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದವು. ಆಂಪ್ಲಿಫೈಯರ್ ಹೊರಲು ಕೈಕೊಟ್ಟೆ. ಈಗ ಸೊಂಟಪಟ್ಟಿ ಕಟ್ಟಿಕೊಂಡು ಸಾಲದ ಅರ್ಜಿ ನೋಡುತ್ತೇನೆ.

ಒಂದು ರಾತ್ರಿ ಸಾಮಾನು ವ್ಯಾನಿಗೆ ತುಂಬುವಾಗ, ಹಾಡುವ ಹುಡುಗ ಬೇಸರದಲ್ಲಿದ್ದ. ಟ್ಯಾಂಕರಿನ ಹಾಡನ್ನು ಜನ ಕೇಳಿದ ಲೆಕ್ಕ ಆರುನೂರರ ಹತ್ತಿರ ನಿಂತುಬಿಟ್ಟಿದೆ ಎಂದ.

“ಆರುನೂರು ಕಮ್ಮೀನಾ?” ಎಂದೆ.

“ಸಾವಿರ ಆಗ್ಬೇಕು ಅಂಕಲ್. ಆಗ್ದಿದ್ರೆ ದುಡ್ಡೇ ಇಲ್ಲ.”

ಆಗ ತಿಳಿಯಿತು ನನಗೆ ಈ ಲೋಕದ ವ್ಯವಹಾರ. ಹಾಡು ಕೇಳುವ ದೊಡ್ಡ ಆ್ಯಪ್ ಒಂದರಲ್ಲಿ 2024ರಿಂದ ಹೊಸ ನಿಯಮ ಬಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಹಾಡು ಕನಿಷ್ಠ 1,000 ಸಲ ಓಡಿರಬೇಕು. ಇಲ್ಲವಾದರೆ ಆ ಹಾಡಿಗೆ ರಾಯಲ್ಟಿ ಲೆಕ್ಕವೇ ಇಲ್ಲ. ಒಂದು ಸಲ ಓಡಿತು ಎನ್ನಬೇಕಾದರೆ 30 ಸೆಕೆಂಡಾದರೂ ಕೇಳಿರಬೇಕು. ಒಬ್ಬನೇ ಕೂತು ಸಾವಿರ ಸಲ ಒತ್ತಿದರೂ ಸಲ್ಲದು. ಬೇರೆ ಬೇರೆ ಕೇಳುಗರು ಇಷ್ಟಾದರೂ ಇರಬೇಕೆಂಬ ಷರತ್ತಿದೆ, ಎಷ್ಟೆಂದು ಆ್ಯಪ್‌ನವರು ಬಾಯಿಬಿಡುವುದಿಲ್ಲ. ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ಮುದುಕಿಯರ ಖಾತೆಯಿಂದ ದುಡ್ಡು ಕತ್ತರಿಸಿದವನು ನಾನು. ನನಗೇ ಕರುಳು ಚುರುಕ್ ಎಂದಿತು.

ಮಗಳು ನೇರವಾದ ದಾರಿ ತೋರಿಸಿದಳು. “ಅಪ್ಪ, ಬ್ಯಾಂಡ್‌ಕ್ಯಾಂಪ್‌ನಲ್ಲಿ ಅವರ ಹಾಡನ್ನ ದುಡ್ಡು ಕೊಟ್ಟು ಕೊಂಡ್ಕೊ. ಆ ಸೈಟಿನವರು ಇಟ್ಕೊಳ್ಳೋದು ನೂರಕ್ಕೆ ಹದಿನೈದು, ಮಿಕ್ಕಿದ್ದು ಬಹುಪಾಲು ಬ್ಯಾಂಡಿಗೇ ಹೋಗತ್ತೆ. ಕೊರೋನಾ ಟೈಮಲ್ಲಿ ಕೆಲವು ಶುಕ್ರವಾರ ಅದನ್ನೂ ಬಿಟ್ಟಿದ್ರು. ಒಂದು ಮಸಾಲೆ ದೋಸೆ ದುಡ್ಡು ಅಷ್ಟೇ.” ಮಾತು ಸರಿಯಾಗಿತ್ತು. ಆದರೆ ದುಡ್ಡು ಕೊಟ್ಟು ಕೊಂಡರೆ ನಾನೊಬ್ಬ ಗಿರಾಕಿ. ಸಾವಿರ ದಾಟಿಸಿದರೆ ನಾನು ಇತಿಹಾಸ.

ಅವಳೇ ಹೇಳಿದ ಇನ್ನೊಂದು ಕತೆ ನನಗೆ ಹೆಚ್ಚು ಹಿಡಿಸಿತು. ಅಮೆರಿಕದ ‘ವಲ್ಫ್‌ಪೆಕ್’ ಎಂಬ ತಂಡ 2014ರಲ್ಲಿ ‘ಸ್ಲೀಪಿಫೈ’ ಎಂದು ಒಂದು ಆಲ್ಬಂ ಬಿಟ್ಟಿತು. ಹತ್ತು ಹಾಡು, ಒಂದೊಂದೂ ಅರ್ಧ ನಿಮಿಷಕ್ಕಿಂತ ಒಂದೆರಡು ಸೆಕೆಂಡು ಜಾಸ್ತಿ, ಅಷ್ಟರಲ್ಲೂ ಪೂರ್ಣ ಮೌನ. ಅಭಿಮಾನಿಗಳು ರಾತ್ರಿ ಮಲಗುವಾಗ ಅದನ್ನು ಹಚ್ಚಿಟ್ಟು ನಿದ್ದೆ ಮಾಡಬೇಕು, ಬಂದ ದುಡ್ಡಿನಲ್ಲಿ ತಂಡ ಊರೂರು ತಿರುಗಿ ಟಿಕೆಟ್ಟಿಲ್ಲದೆ ಕಾರ್ಯಕ್ರಮ ಕೊಡುತ್ತದೆ ಎಂಬ ಒಪ್ಪಂದ. ಸುಮಾರು 20 ಸಾವಿರ ಡಾಲರ್ ಬಂತು. ಪ್ರವಾಸವೂ ನಡೆಯಿತು. ಆ್ಯಪ್‌ನವರು ಕೆಲವೇ ವಾರಗಳಲ್ಲಿ ಆ ಆಲ್ಬಂ ಕಿತ್ತುಹಾಕಿದರು ಎಂಬ ಭಾಗವನ್ನೂ ಮಗಳು ಹೇಳಿದಳು. ಅಷ್ಟು ಹೊತ್ತಿಗೆ ನಾನು ಕ್ಯಾಲ್ಕುಲೇಟರ್ ಹುಡುಕಲು ಎದ್ದಿದ್ದೆ.

ಲೆಕ್ಕ ಸುಲಭವಾಗಿತ್ತು. ಹಾಡು ಐದು ನಿಮಿಷ. ರಾತ್ರಿ ಆರು ಗಂಟೆ ಓಡಿದರೆ ಒಂದು ಫೋನಿಗೆ 72. ನನ್ನದು, ಹೆಂಡತಿಯದು, ಮಗಳ ಹಳೆಯದು, ಅಮ್ಮನದು ಸೇರಿ ನಾಲ್ಕು ಫೋನು: 288. ಎಲ್ಲರೂ ಮಲಗಿದ ಮೇಲೆ ಫೋನುಗಳನ್ನು ಸೈಡ್‌ಬೋರ್ಡಿನ ಮೇಲೆ ಸಾಲಾಗಿ ಚಾರ್ಜಿಗೆ ಹಾಕುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಮದುವೆಯಾದಂದಿನಿಂದ ಲೋಟ ತೆಗೆದಿಡದ ಗಂಡ ಹೀಗೆ ಒದಗಿದ್ದು ಕಂಡು ಹೆಂಡತಿ ಕಣ್ಣರಳಿಸಿದಳು. ಅವಳ ಕಣ್ಣಲ್ಲಿ ಸಂಶಯವಿತ್ತು, ಆದರೆ ಸಂಶಯ ಬೇರೆ ದಿಕ್ಕಿನಲ್ಲಿತ್ತು.

ಪೂರ್ತಿ ಮ್ಯೂಟ್ ಮಾಡಿದರೆ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಯಾರೋ ಹೇಳಿದ್ದರಿಂದ, ದನಿಯನ್ನು ಕಡ್ಡಿಯಷ್ಟು ಮಾತ್ರ ಇಟ್ಟೆ. ನಾಲ್ಕು ಫೋನು, ನಾಲ್ಕು ಬೇರೆ ಬೇರೆ ಕ್ಷಣದಲ್ಲಿ ಶುರುವಾದ ಒಂದೇ ಹಾಡು. ಶೂಗೇಝ್ ಎಂಬುದು ಮೊದಲೇ ಮಬ್ಬು. ನಾಲ್ಕು ಪದರ ಸೇರಿ ಮನೆಯ ತಳದಿಂದಲೇ ಒಂದು ಹೂಂಕಾರ ಏಳತೊಡಗಿತು. ನಡುರಾತ್ರಿ ಹೆಂಡತಿ ಎಬ್ಬಿಸಿದಳು.

“ರೀ, ಸಂಪಿನ ಮೋಟರ್ ಆಫ್ ಮಾಡ್ಲಿಲ್ವಾ? ಒಂದೇ ಸಮ ಓಡ್ತಿದೆ.”

“ಪಕ್ಕದ ಮನೇದು ಕಣೆ. ಮಲಗು.”

ಮಾರನೆಯ ದಿನ ಅವಳು ಪಕ್ಕದ ಮನೆಯವರಿಗೆ ನೀರು ಪೋಲು ಮಾಡುವುದರ ಬಗ್ಗೆ ಹತ್ತು ನಿಮಿಷ ಹೇಳಿ ಬಂದಳು. ಆ ಬೇಸಿಗೆಯಲ್ಲಿ ಅದಕ್ಕಿಂತ ದೊಡ್ಡ ಆರೋಪವಿರಲಿಲ್ಲ. ಅವರ ಸಂಪಿನಲ್ಲಿ ನೀರೇ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು. ಮಾತು ಈಗಲೂ ಅಷ್ಟಕ್ಕಷ್ಟೆ.

ಸಾವಿರ ದಾಟಿತು. ನಿಲ್ಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಠೇವಣಿಯ ಗುರಿ ಮುಟ್ಟಿದ ಮೇಲೆ ನಿಲ್ಲಿಸಿದ ಮ್ಯಾನೇಜರನ್ನು ನೀವು ನೋಡಿದ್ದೀರಾ? ನಾನೂ ನೋಡಿಲ್ಲ. ಎರಡು ಸಾವಿರವಾಯಿತು, ಮೂರಾಯಿತು. ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲು ಅಂಕಿ ನೋಡುತ್ತಿದ್ದೆ. ಕಾರ್ಯಕ್ರಮದಲ್ಲಿ ಹುಡುಗ ವೇದಿಕೆಯಿಂದ, “ಥ್ಯಾಂಕ್ಸ್! ಯಾರೋ ನಮ್ಮನ್ನ ಕೇಳ್ತಿದಾರೆ!” ಎಂದಾಗ ಕಣ್ಣಲ್ಲಿ ನೀರು ಬಂತು. ಯಾರೋ! ಆ ‘ಯಾರೋ’ ನಿದ್ದೆಗೆಟ್ಟು ನಿಮ್ಮೆದುರಿಗೇ ನಿಂತಿದ್ದಾನಪ್ಪ, ಸ್ಮಾಲ್ ಸೈಜಿನಲ್ಲಿ.

ಶ್ರಾವಣ ಬಂತು. ಈ ಆ್ಯಪ್‌ಗಳ ಒಂದು ಗುಣವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೀವು ಹಾಕಿದ ಹಾಡು ಮುಗಿದ ಮೇಲೆ ಅವು ಸುಮ್ಮನಿರುವುದಿಲ್ಲ; ನೀವು ಈವರೆಗೆ ಏನೇನು ಕೇಳಿದ್ದೀರೆಂದು ನೋಡಿ, ನಿಮಗೆ ಇಷ್ಟವಾಗಬಹುದಾದದ್ದನ್ನು ತಾವೇ ಹಾಕುತ್ತವೆ. ಶ್ರಾವಣ ಶನಿವಾರ ಬೆಳಗ್ಗೆ ಅಮ್ಮ ಮಡಿಯುಟ್ಟು, ದೇವರ ಮನೆಯಲ್ಲಿ ದೀಪ ಹಚ್ಚಿ, ಫೋನಿನಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ ಹಾಕಿದರು. ತಿರುಪತಿಯ ತಿಮ್ಮಪ್ಪ ನಿಧಾನವಾಗಿ ಎಚ್ಚರಗೊಂಡ. ಸುಪ್ರಭಾತ ಮುಗಿಯಿತು. ಅಮ್ಮ ಮಂಗಳಾರತಿ ತಟ್ಟೆ ಎತ್ತಿದರು. ಆ್ಯಪ್ ತನ್ನ ಬಳಿಯಿದ್ದ ದಾಖಲೆ ತೆಗೆದು ನೋಡಿತು. ಈ ವೃದ್ಧೆ ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ಐದರವರೆಗೆ ಏನು ಕೇಳುತ್ತಾಳೆಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಹಗಲಿನಲ್ಲಿ ಅಮ್ಮ ಫೋನಿನ ದನಿಯನ್ನು ತುದಿಗೆ ಏರಿಸಿಟ್ಟುಕೊಳ್ಳುತ್ತಾರೆ. ಕಿವಿ ಸ್ವಲ್ಪ ಮಂದ. ಗಿಟಾರು ಮೊರೆಯಿತು. ಡ್ರಮ್ಸ್ ಅಪ್ಪಳಿಸಿತು. ಎರಡು ಕೈಯಲ್ಲೂ ತಟ್ಟೆ ಹಿಡಿದ ಅಮ್ಮ ಆರಿಸಲಾರರು. ಅರ್ಧಕ್ಕೆ ಆರತಿ ನಿಲ್ಲಿಸುವಂತಿಲ್ಲ. ಪೂರ್ತಿ ಐದು ನಿಮಿಷ ತಿಮ್ಮಪ್ಪನಿಗೆ ನೀರಿನ ಟ್ಯಾಂಕರಿನ ಹಾಡಿನಲ್ಲಿ ಆರತಿಯಾಯಿತು. ಹೊರಗೆ ಬಂದು, ನನ್ನ ಮುಂದೆ ತಟ್ಟೆ ಹಿಡಿದು, ಅಮ್ಮ ಹೇಳಿದ್ದು ಇಷ್ಟೆ:

“ಪಾಪ, ಆ ಹುಡುಗನ ಗಂಟಲು ಪೂರ್ತಿ ಕೂತಿದೆ ಕಣೋ. ಯಾರಾದ್ರೂ ಮೆಣಸಿನ ಕಷಾಯ ಮಾಡ್ಕೊಡಬಾರದಾ?”

ಅದು ಪ್ರತಿ ಶನಿವಾರವೂ ನಡೆಯಿತು. ನಾನು ಕಂಡುಹಿಡಿದ ಬ್ಯಾಂಡ್ ನಮ್ಮ ಮನೆಯ ಪೂಜಾಕ್ರಮದ ಅಂಗವಾಯಿತು.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ಅಂಕಿ ನೋಡಲು ಹೋದರೆ ಹಾಡೇ ಇಲ್ಲ. ಹುಡುಕಿದೆ, ಬ್ಯಾಂಡ್ ಇದೆ, ಟ್ಯಾಂಕರ್ ಇಲ್ಲ. ಆ ವಾರದ ಕಾರ್ಯಕ್ರಮದಲ್ಲಿ ವೇದಿಕೆಯಿಂದಲೇ ಸುದ್ದಿ ಹೇಳಿದರು. ಕೃತಕವಾಗಿ ಹಾಡು ಓಡಿಸಿದ್ದಾರೆಂದು ಆ್ಯಪ್‌ನವರು ಹಾಡನ್ನು ಕಿತ್ತಿದ್ದರು. ಕಿತ್ತದ್ದು ಮಾತ್ರವಲ್ಲ, ಇಂಥದ್ದು ಕಂಡುಬಂದರೆ ಹಾಡನ್ನು ಅವರಿಗೆ ತಲುಪಿಸುವ ಮಧ್ಯವರ್ತಿ ಕಂಪನಿಗೆ ದಂಡ ಬೀಳುತ್ತದೆ, ಆ ಕಂಪನಿ ದಂಡವನ್ನು ಕಲಾವಿದರ ತಲೆಗೆ ಕಟ್ಟುತ್ತದೆ. ಸಾವಿರ ದಾಟಿ ಬರಬೇಕಾಗಿದ್ದ ಪುಡಿಗಾಸು ಹೋಗಿ, ಕೈಯಿಂದಲೇ ಕೊಡುವ ಹಾಗಾಗಿತ್ತು.

“ಯಾವನೋ ಬಾಟ್ ಫಾರ್ಮ್ ಇಟ್ಕೊಂಡಿರೋನು ನಮ್ಮ ಹಾಡನ್ನ ಹಾಳ್ ಮಾಡಿದಾನೆ!” ಎಂದ ಹುಡುಗ, ಮೈಕಿನಲ್ಲಿ.

ಜನ ಹೋ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ, “ನಾಚಿಕೆಯಾಗಬೇಕು ಅವನಿಗೆ!” ಎಂದು ಕೂಗಿದವನು ನಾನು. ಬೌನ್ಸರ್ ನನ್ನ ಭುಜ ತಟ್ಟಿ ಸಮಾಧಾನ ಮಾಡಿದ.

ಕಾರ್ಯಕ್ರಮ ಮುಗಿದ ಮೇಲೆ ಡ್ರಮ್ಸ್ ಹುಡುಗಿ ಸ್ಟ್ಯಾಂಡುಗಳನ್ನು ಮಡಿಸುತ್ತಿದ್ದಳು. ಹಗಲು ಹೊತ್ತು ಆಕೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ತಪ್ಪು ಎಲ್ಲಿದೆ ಎಂದು ಹುಡುಕಿಯೇ ಸಂಬಳ ತೆಗೆದುಕೊಳ್ಳುತ್ತಾಳೆ. “ವಿಚಿತ್ರ ಏನು ಗೊತ್ತಾ ಅಂಕಲ್? ಬಾಟ್ ಫಾರ್ಮ್ ಅಂದ್ರೆ ಎಲ್ಲೋ ದೂರದ ದೇಶದಲ್ಲಿರತ್ತೆ. ನಮ್ಮ ಡ್ಯಾಶ್‌ಬೋರ್ಡಲ್ಲಿ ನೋಡಿದ್ರೆ ಎಲ್ಲಾ ಬೆಂಗಳೂರೇ. ಕೇಳಿದವರು ಬೆರಳೆಣಿಕೆ, ಕೇಳಿದ್ದು ಸಾವಿರಾರು ಸಲ.”

“ಏನ್ ಕಾಲ ಬಂತಮ್ಮ” ಎಂದೆ. ಆಂಪ್ಲಿಫೈಯರ್ ಅವತ್ತು ನಾನೊಬ್ಬನೇ ಹೊತ್ತೆ.

ಹಾಡನ್ನು ಅವರು ಮತ್ತೆ ಹಾಕಿದರು. ಲೆಕ್ಕ ಸೊನ್ನೆಯಿಂದ ಶುರುವಾಯಿತು. ನಾನು ಫೋನು ಚಾರ್ಜಿಗೆ ಹಾಕುವ ಕೆಲಸವನ್ನು ಹೆಂಡತಿಗೆ ಬಿಟ್ಟುಕೊಟ್ಟೆ. ಎಲ್ಲ ತಣ್ಣಗಾಯಿತು ಎಂದುಕೊಳ್ಳುವಾಗ ಡಿಸೆಂಬರ್ ಬಂತು. ಡಿಸೆಂಬರಿನಲ್ಲಿ ಈ ಆ್ಯಪ್‌ಗಳು ಚಿತ್ರಗುಪ್ತನ ಕೆಲಸ ಶುರುಮಾಡುತ್ತವೆ. ವರ್ಷವಿಡೀ ಯಾರು ಯಾರನ್ನು ಎಷ್ಟು ಕೇಳಿದರೆಂದು ಬಣ್ಣಬಣ್ಣದ ಕಾರ್ಡು ಮಾಡಿ ಕೈಗಿಡುತ್ತವೆ. ಅಮ್ಮನ ಫೋನಿನಲ್ಲೂ ಕಾರ್ಡು ಬಂತು. ಜಗತ್ತಿನಲ್ಲಿ ಈ ಬ್ಯಾಂಡನ್ನು ಅತಿ ಹೆಚ್ಚು ಕೇಳಿದವರ ಸಾಲಿನಲ್ಲಿ ಎಪ್ಪತ್ತಾರು ವರ್ಷದ ನಮ್ಮಮ್ಮ ತುತ್ತತುದಿಯಲ್ಲಿದ್ದರು. ಅಮ್ಮನ ಪಟ್ಟಿಯಲ್ಲಿ ಎರಡನೆಯ ಸ್ಥಾನ ಸುಬ್ಬುಲಕ್ಷ್ಮಿಯವರಿಗೆ.

ನಾನು ಬ್ಯಾಂಕಿನಿಂದ ಬರುವಷ್ಟರಲ್ಲಿ ಮಗಳು ಆ ಕಾರ್ಡಿನ ಜತೆ ಅಜ್ಜಿಯ ಫೋಟೊ ಸೇರಿಸಿ ಇನ್‌ಸ್ಟಾಗ್ರಾಂಗೆ ಹಾಕಿಯಾಗಿತ್ತು. ಬ್ಯಾಂಡಿನವರು ಅದನ್ನು ತಮ್ಮ ಪುಟದಲ್ಲಿ ಹಂಚಿಕೊಂಡರು. ಊರಿನ ಹುಡುಗರೆಲ್ಲ ಹೃದಯ ಒತ್ತಿದರು. ಟ್ಯಾಂಕರಿನ ಹಾಡು, ಯಾರ ಹಂಗೂ ಇಲ್ಲದೆ, ನಿಜವಾದ ಜನ ನಿಜವಾದ ಕಿವಿಯಿಂದ ಕೇಳಿ, ವಾರದೊಳಗೆ ಸಾವಿರ ದಾಟಿತು. ನಾನು ಬೇಸಿಗೆಯಿಂದ ಬೆನ್ನು ಮುರಿದುಕೊಂಡು ಮಾಡಲಾಗದ್ದನ್ನು ಅಮ್ಮ ಹುರುಳಿಕಾಯಿ ಬಿಡಿಸುತ್ತ ಮಾಡಿದ್ದರು.

ಭಾನುವಾರ ನಾಲ್ವರೂ ಮನೆಗೇ ಬಂದರು, ಹೂವು ಹಣ್ಣು ಹಿಡಿದುಕೊಂಡು, ಅಜ್ಜಿಯನ್ನು ನೋಡಲು. ಸುದ್ದಿ ತಿಳಿದು ಭಾವನೂ ಬಂದಿದ್ದರು. ಅಮ್ಮನ ಸುತ್ತ ಹುಡುಗರು ಕೂತರು, ಭಾವ ಅವರ ಪಕ್ಕ ಕುರ್ಚಿ ಎಳೆದುಕೊಂಡು, ಎಲೆಗೆ ಸುಣ್ಣ ಹಚ್ಚುತ್ತ, “ನಿಮ್ಮ ಹಾಡು ಬೇಸಿಗೇಲೇ ಕೇಳಿದ್ದೆ ನಾನು. ಮನೇಲಿ ಯಾರೂ ಕೇಳದೇ ಇದ್ದಾಗ. ಆಗ್ಲೇ ಅಂದ್ಕೊಂಡೆ, ಈ ಹುಡುಗರು ಮುಂದೆ ಬರ್ತಾರೆ ಅಂತ” ಎಂದರು.

ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಜೀವಮಾನವೆಲ್ಲ ಕಾದ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಆದರೆ ನಾನು ಮೊದಲನೆಯವನು ಎಂದು ರುಜುವಾತು ಮಾಡಬೇಕಾದರೆ ಸಾಕ್ಷಿ ಬೇಕು, ಸಾಕ್ಷಿಯೆಂದರೆ ಆ ನಾಲ್ಕು ಫೋನು. ಬಾಯಿ ಮುಚ್ಚಿಕೊಂಡು ಲೋಟಗಳನ್ನು ಒಂದೊಂದಾಗಿ ಕೊಟ್ಟೆ.

ಹಾಡುವ ಹುಡುಗ ಅಮ್ಮನ ಕಾಲಬುಡದಲ್ಲೇ ಕೂತಿದ್ದ. “ಅಜ್ಜಿ, ನಮ್ಮ ಹಾಡಲ್ಲಿ ನಿಮಗೆ ಏನಿಷ್ಟ?”

“ನಿನ್ನ ಗಂಟಲು ಈಗ ಹೇಗಿದೆಯಪ್ಪ?” ಎಂದರು ಅಮ್ಮ. ಆಮೇಲೆ, “ಶನಿವಾರ ಪೂಜೆ ಹೊತ್ತಿಗೆ ಒಂದ್ಸಲ ಕೇಳ್ತೀನಿ. ದಿನಾ ಎಲ್ಲಿ ಕೇಳೋಕಾಗತ್ತೆ, ರಾತ್ರಿ ಮಲಗೋ ಹೊತ್ತಾದ್ರೆ ಚಾರ್ಜ್ ಹಾಕ್ತೀನಿ ಅಂತ ಇವನು ಎಲ್ಲರ ಫೋನೂ ಇಸ್ಕೊಂಡು ಹೋಗ್ತಿದ್ದ.”

ಹುಡುಗನಿಗೆ ಏನೂ ಹೊಳೆಯಲಿಲ್ಲ. ಭಾವನಿಗೂ ಹೊಳೆಯಲಿಲ್ಲ. ಡ್ರಮ್ಸ್ ಹುಡುಗಿ ಲೋಟ ತುಟಿಗೆ ತಂದವಳು ಹಾಗೇ ನಿಲ್ಲಿಸಿದಳು. ಸೈಡ್‌ಬೋರ್ಡಿನ ಮೇಲೆ ಸಾಲಾಗಿದ್ದ ನಾಲ್ಕು ಚಾರ್ಜರುಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಸಕ್ಕರೆ ಸಾಕಾಯ್ತೇನಮ್ಮ?” ಎಂದೆ.

“ಸರಿಯಾಗಿದೆ ಅಂಕಲ್” ಎಂದಳು. ನಿಧಾನವಾಗಿ ಕುಡಿದು, ಲೋಟವನ್ನು ನನ್ನ ತಟ್ಟೆಯಲ್ಲಿಟ್ಟು, ಬೇರೆ ಯಾರಿಗೂ ಕೇಳದ ದನಿಯಲ್ಲಿ ಹೇಳಿದಳು: “ಸಂಕ್ರಾಂತಿಗೆ ಹೊಸ ಹಾಡು ಬರ್ತಿದೆ. ನೀವು ಖಂಡಿತ ಕೇಳ್ಬೇಕು.”

“ಖಂಡಿತ ಕಣಮ್ಮ. ಅದನ್ನ ಹೇಳ್ಬೇಕಾ?”

“ಒಂದ್ಸಲ ಕೇಳಿ ಸಾಕು.”